ಏಲಂ ಕೂಗಲಿಕ್ಕೆ ಮನುಷ್ಯನೇ ಬೇಕೆಂದಿಲ್ಲ

ಇವತ್ತಿನ ಬರಹ ಸ್ವಲ್ಪ ಉದ್ದ ಉಂಟು. ಮಳೆ ಬಿಡುವುದಿಲ್ಲ, ಎರಡನೇ ಸಲದ ಮದ್ದು ಬಿಟ್ಟಾಗಿದೆ, ಹಾಗಾಗಿ ಕೂತು ಬರೆದದ್ದು. ಪುರುಸೊತ್ತು ಇದ್ದವರು ಪೂರ್ತಿ ಓದಿ.

ವಿಷಯ ಏಲಂ. ಅದರಲ್ಲೂ ಮನುಷ್ಯರ ಬದಲು ಕಂಪ್ಯೂಟರ್ ಪ್ರೋಗ್ರಾಂಗಳೇ ಬಿಡ್ ಹಾಕುವ ಏಲಂ. "ಅದಕ್ಕೂ ನಮ್ಮ ಅಡಿಕೆ, ರಬ್ಬರಿಗೂ ಎಂತ ಸಂಬಂಧ ಮಾರಾಯ್ರೆ" ಅಂತ ನೀವು ಕೇಳಬಹುದು. ನಾವು ಬೆಳೆದದ್ದಕ್ಕೆ ಕ್ರಯ ಕಟ್ಟುವುದು ಯಾರು, ಹೇಗೆ ಅನ್ನುವುದರ ಚರಿತ್ರೆ ಇದು. ಐದು ಕ್ವಿಂಟಾಲ್ ಅಡಿಕೆ ಮಾರುವವನಿಗೆ ಕಿಲೋಗೆ ಹತ್ತು ರುಪಾಯಿ ಆಚೀಚೆ ಆದರೆ ಐದು ಸಾವಿರ ರುಪಾಯಿ ಹೋಯಿತು. ಅಷ್ಟರಲ್ಲಿ ಮದ್ದು ಬಿಡುವವರ ಕೆಲವು ದಿನದ ಸಂಬಳ ಆಗ್ತದೆ.

ಮೊದಲು ಶಬ್ದದಿಂದಲೇ ಸುರು ಮಾಡುವ. ನಾವು ಕರಾವಳಿಯವರು "ಏಲಂ" ಅಂತೇವೆ. ಇದು ಪೋರ್ಚುಗೀಸರ ಶಬ್ದದಿಂದ ಬಂದದ್ದು, ಅವರಿಗೆ ಅದು ಅರಬ್ಬಿಯಿಂದ ಸಿಕ್ಕಿದ್ದು. ಮಲಯಾಳದವರು "ಲೇಲಂ" ಅಂತಾರೆ. ಘಟ್ಟದ ಮೇಲಿನವರ "ಹರಾಜು" ಕೂಡ ಅರಬ್ಬಿ ಮೂಲದ್ದೇ. ಉತ್ತರ ಕರ್ನಾಟಕದವರ "ಲಿಲಾವು" ನಮ್ಮ ಏಲಂನ ದಾಯಾದಿ. ಅಂದರೆ ಕಡಲ ಮೇಲೆ ಬಂದ ವ್ಯಾಪಾರಿಗಳ ಬಾಯಿಂದ ನಮ್ಮ ಬಾಯಿಗೆ ಬಂದ ಪದ್ಧತಿಯ ಹೆಸರು ಇದು. ಕರಿಮೆಣಸು ಕೊಳ್ಳಲಿಕ್ಕೆ ಬಂದವರು ಶಬ್ದ ಬಿಟ್ಟು ಹೋದರು.

ಜಾತ್ರೆ ಗದ್ದೆಯ ಅಂಗಡಿ ಜಾಗದ ಏಲಂ, ಹೊರೆಕಾಣಿಕೆಗೆ ಬಂದ ಬಾಳೆಗೊನೆಯ ಏಲಂ ಎಲ್ಲರೂ ನೋಡಿದವರೇ. ಒಂದು ಸಲ, ಎರಡು ಸಲ, ಮೂರು ಸಲ. ಎಲ್ಲರಿಗೂ ಎಲ್ಲರ ಬಾಯಿ ಕೇಳ್ತದೆ. ಕೊನೆಗೆ ಕೂಗಿದವನದ್ದು ಮಾಲು. ಇದಕ್ಕೆ ಬಯಲು ಏಲಂ ಅನ್ನುವ.

ಇದರ ತದ್ವಿರುದ್ಧದ್ದು ದನದ ಜಾತ್ರೆಯ ವ್ಯಾಪಾರ. ಈಗ ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದ ಹತ್ತಿರ ಕುಲ್ಕುಂದದ ಜಾನುವಾರು ಜಾತ್ರೆ ಒಂದು ಕಾಲದಲ್ಲಿ ಹೆಸರುವಾಸಿ. ಹಿಂದಿನ ದನದ ಜಾತ್ರೆಗಳಲ್ಲಿ ದಲ್ಲಾಳಿ ಮತ್ತು ಕೊಳ್ಳುವವ ಬೈರಾಸಿನ ಅಡಿಯಲ್ಲಿ ಕೈ ಹಿಡಿದುಕೊಳ್ಳುತ್ತಿದ್ದರು. ಇಷ್ಟು ಬೆರಳು ಒತ್ತಿದರೆ ಇಷ್ಟು ರುಪಾಯಿ. ಮೇಲೆ ಮುಖದಲ್ಲಿ ಎಂತದೂ ಗೊತ್ತಾಗದು. ಸುತ್ತ ನಿಂತವರಿಗೆ ಕ್ರಯ ತಿಳಿಯದು, ಎಷ್ಟೋ ಸಲ ದನದ ಧನಿಗೂ ತಿಳಿಯದು. ಎರಡೂ ಕಡೆಯ ಗುಟ್ಟು ಗೊತ್ತಿದ್ದದ್ದು ದಲ್ಲಾಳಿಗೆ ಮಾತ್ರ. ದೇಶದ ಬೇರೆ ಬೇರೆ ಕಡೆ ಧಾನ್ಯ, ಹತ್ತಿಯ ಪೇಟೆಯಲ್ಲೂ ಇದೇ ಕ್ರಮ ಇತ್ತು. ಇಂಥ ಪೇಟೆಗಳಿಗೆ ಕಾನೂನಿನ ಕಟ್ಟು ಬೇಕು ಅಂತ 1928ರಲ್ಲೇ ರಾಯಲ್ ಕೃಷಿ ಆಯೋಗ ವರದಿ ಕೊಟ್ಟಿತು. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ ಬಂದದ್ದು 1966ರಲ್ಲಿ.

ಮೂರನೆಯದು ಟೆಂಡರ್. ಶಿರಸಿ, ಶಿವಮೊಗ್ಗ ಕಡೆ ಕೆಂಪಡಿಕೆ ಮಾರುವ ಕ್ರಮ. ರೈತನ ಅಡಿಕೆ ಲಾಟು ಲಾಟಾಗಿ ರಾಶಿ ಹಾಕಿರ್ತಾರೆ. ವರ್ತಕರು ಬಂದು ನೋಡಿ, ಕೈಯಲ್ಲಿ ಹಿಡಿದು, ಕಡಿದು, ಚೀಟಿಯಲ್ಲಿ ಧಾರಣೆ ಬರೆದು ಪೆಟ್ಟಿಗೆಗೆ ಹಾಕುವುದು. ಹೊತ್ತಾದ ಮೇಲೆ ಪೆಟ್ಟಿಗೆ ತೆರೆದು ಯಾರದ್ದು ಹೆಚ್ಚೋ ಅವರಿಗೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು. ಇಂಥ ಸಂಸ್ಥೆಗಳು ರೈತನ ಪರವಾಗಿ ಟೆಂಡರಿನಲ್ಲಿ ನಿಂತ ಕಾರಣ ಚೀಟಿಗೆ ಒಂದು ಮರ್ಯಾದೆ ಬಂತು.

ಆದರೆ ಚೀಟಿಯಲ್ಲಿಯೂ ಒಂದು ಲೆಕ್ಕಾಚಾರ ಉಂಟು. ವರ್ತಕನಿಗೆ ಆ ಲಾಟಿಗೆ ಕ್ವಿಂಟಾಲಿಗೆ 48 ಸಾವಿರ ಕೊಟ್ಟರೂ ಗಿಟ್ಟುತ್ತದೆ ಅಂತ ಇಟ್ಟುಕೊಳ್ಳಿ. ಆದರೆ ಬೇರೆಯವರು 46 ಸಾವಿರ ದಾಟಲಿಕ್ಕಿಲ್ಲ ಅಂತ ಅವನ ಅಂದಾಜು. ಆಗ ಅವ 46,200 ಅಂತ ಬರೆದು ಹಾಕ್ತಾನೆ. ಉಳಿದ 1,800 ಅವನ ಕಿಸೆಯಲ್ಲೇ. ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಚೀಟಿ ಪದ್ಧತಿಯ ಗುಣವೇ ಅದು. ಎದುರಾಳಿಗಳು ಕಡಿಮೆ ಇದ್ದಷ್ಟು ಅವ ಹೆಚ್ಚು ತಗ್ಗಿಸಿ ಬರೀತಾನೆ.

ನಮ್ಮ ಪುತ್ತೂರು, ಸುಳ್ಯ, ಕಡಬದಲ್ಲಿ ಚಾಲಿ ಅಡಿಕೆ ಹೆಚ್ಚಾಗಿ ಟೆಂಡರಿಗೆ ಹೋಗುವುದೇ ಇಲ್ಲ. ಅಂಗಡಿಗೆ ಕೊಂಡು ಹೋಗುವುದು, ಇಲ್ಲದಿದ್ದರೆ ಕ್ಯಾಂಪ್ಕೋಗೆ. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಬೋರ್ಡಿನಲ್ಲಿ ಧಾರಣೆ ಬರೆದಿರ್ತದೆ. ಏಲಂ ಇಲ್ಲದ ಊರಲ್ಲಿ ಆ ಬೋರ್ಡು ಮಾಡುವ ಕೆಲಸ ಎಂತದು? 1970ರ ಆಸುಪಾಸು ಅಡಿಕೆ ಧಾರಣೆ ನೆಲ ಕಚ್ಚಿದಾಗ ಕೊಳ್ಳುವವರೇ ಇರಲಿಲ್ಲ. ಆಗ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು, ಕರ್ನಾಟಕ ಮತ್ತು ಕೇರಳ ಎರಡೂ ಸರಕಾರಗಳನ್ನು ಸೇರಿಸಿ 1973ರ ಜುಲೈ 11ಕ್ಕೆ ಕ್ಯಾಂಪ್ಕೋ ಕಟ್ಟಿದರು. ಅದು ಪೇಟೆಗೆ ಬಂದ ಹೊಸ ಬಿಡ್‌ದಾರ. ಎಲ್ಲರೂ ಸುಮ್ಮನೆ ನಿಂತಾಗಲೂ "ಇಷ್ಟಕ್ಕೆ ನಾನು ತಗೊಳ್ತೇನೆ" ಅಂತ ಬೋರ್ಡಿನಲ್ಲಿ ಬರೆದು ಹಾಕುವವ. ಖಾಸಗಿ ಅಂಗಡಿಯವರಿಗೆ ಅದಕ್ಕಿಂತ ತುಂಬಾ ಕೆಳಗೆ ಇಳಿಯಲಿಕ್ಕೆ ಆಗದು.

ಕೋಕೋದಲ್ಲಿಯೂ ಹಾಗೇ ಆಯಿತು. 1979–80ರ ಸುಮಾರಿಗೆ ಕೋಕೋ ಕೊಳ್ಳುತ್ತಿದ್ದ ಕಂಪನಿ ಹಿಂದೆ ಸರಿಯಿತು. ತೋಟದಲ್ಲಿ ಕೋಕೋ ಕೋಡು ಕೊಳೆಯಿತು. ಕೊಳ್ಳುವವ ಒಬ್ಬನೇ ಇದ್ದು ಅವನೂ ಹೋದರೆ ಬೆಳೆದವನ ಗತಿ ಎಂತ ಅಂತ ಆಗ ಹಿರಿಯರು ನೋಡಿದರು. ಕ್ಯಾಂಪ್ಕೋ ಕೋಕೋ ಕೊಳ್ಳಲಿಕ್ಕೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿ ಆಯಿತು.

ಈಗ ಯಂತ್ರದ ಕಥೆಗೆ ಬರುವ. ಇಂಗ್ಲಿಷಿನಲ್ಲಿದ್ದದ್ದನ್ನು ಮಗಳು ಓದಿ ಹೇಳಿದ್ದು, ನಾನು ನಮ್ಮ ಭಾಷೆಯಲ್ಲಿ ಬರೀತೇನೆ.

1990ರಲ್ಲಿ ಅಮೆರಿಕದ ಸಾಂಟಾ ಫೆ ಎಂಬ ಊರಿನ ಸಂಶೋಧನಾ ಸಂಸ್ಥೆ ಒಂದು ಪಂದ್ಯ ಇಟ್ಟಿತು. ನಮ್ಮ ಕಂಬಳದ ಹಾಗೆ, ಆದರೆ ಓಡುವುದು ಕೋಣ ಅಲ್ಲ, ವ್ಯಾಪಾರ ಮಾಡುವ ಪ್ರೋಗ್ರಾಂಗಳು. ಯಾರು ಬೇಕಾದರೂ ಪ್ರೋಗ್ರಾಂ ಬರೆದು ಕಳಿಸಬಹುದು, ಅವು ಒಂದಕ್ಕೊಂದು ಮಾರಬೇಕು, ಕೊಳ್ಳಬೇಕು. ಬಹುಮಾನ 10,000 ಡಾಲರ್. ಮೂವತ್ತರಷ್ಟು ಪ್ರೋಗ್ರಾಂ ಬಂದವು. ಕೆಲವು ಬಹಳ ಬುದ್ಧಿಯವು, ಪೇಟೆಯ ಏರಿಳಿತ ಲೆಕ್ಕ ಹಾಕಿ ಕಲಿಯುವಂಥವು. ಗೆದ್ದದ್ದು ಟಾಡ್ ಕಪ್ಲಾನ್ ಎಂಬ ಅರ್ಥಶಾಸ್ತ್ರಜ್ಞರ ಬಹಳ ಸಣ್ಣ ಪ್ರೋಗ್ರಾಂ. ಅದರ ಉಪಾಯ ಇಷ್ಟೇ: ಮೂಲೆಯಲ್ಲಿ ಸುಮ್ಮನೆ ಕೂತುಕೋ, ಬೇರೆಯವರು ಚೌಕಾಸಿ ಮಾಡಿ ಕೊಡುವ ಕ್ರಯ ಕೇಳುವ ಕ್ರಯ ಹತ್ತಿರ ಬರುವವರೆಗೆ ಕಾಯಿ, ಆಮೇಲೆ ಒಮ್ಮೆಲೇ ನುಗ್ಗಿ ವ್ಯಾಪಾರ ಕುದುರಿಸು.

ನಮ್ಮ ಊರಿನ ಏಲಂನಲ್ಲಿಯೂ ಇಂಥವರನ್ನು ಕಂಡಿದ್ದೇವಲ್ಲ? ಕಂಬಕ್ಕೆ ಒರಗಿ ಎಲೆ ಅಡಿಕೆ ಜಗಿಯುತ್ತ ಇದ್ದು, ಮೂರನೇ ಸಲ ಹೇಳುವಾಗ ಬಾಯಿ ತೆರೆಯುವವರು.

ಪಂದ್ಯದವರು ಮತ್ತೊಂದು ಸಂಗತಿ ಕಂಡರು. ಎಲ್ಲರೂ ಕಪ್ಲಾನ್ ಹಾಗೆ ಕಾಯುವವರೇ ಆದರೆ ಪೇಟೆಯೇ ಸ್ತಬ್ಧ. ಯಾರೂ ಮೊದಲು ಬಾಯಿ ತೆರೆಯುವುದಿಲ್ಲ, ಆಗಬೇಕಾದ ವ್ಯಾಪಾರವೂ ತಪ್ಪಿ ಹೋಗ್ತದೆ. ಹಲಸಿನ ಮರದ ಮೇಲಿನ ಬಂದಣಿಕೆ ಹಾಗೆ. ಮರ ಇರುವಷ್ಟು ದಿನ ಅದಕ್ಕೆ ಸುಖ. ಊರೆಲ್ಲ ಬಂದಣಿಕೆಯೇ ಆದರೆ ಹಬ್ಬಲಿಕ್ಕೆ ಮರ ಎಲ್ಲಿ?

1993ರಲ್ಲಿ ನಮ್ಮ ದೇಶ ಮೂಲದ ಇಬ್ಬರು, ಧನಂಜಯ ಗೋಡೆ ಮತ್ತು ಶ್ಯಾಮ್ ಸುಂದರ್, ಇನ್ನೂ ಮೋಜಿನ ಪ್ರಯೋಗ ಮಾಡಿದರು. ಅವರು ಪೂರ್ತಿ ದಡ್ಡ ಪ್ರೋಗ್ರಾಂಗಳನ್ನು ಪೇಟೆಗೆ ಬಿಟ್ಟರು. ಬಾಯಿಗೆ ಬಂದ ಕ್ರಯ ಹೇಳುವಂಥವು, ಕಲಿಯುವುದಿಲ್ಲ, ನೆನಪಿಲ್ಲ. ಒಂದೇ ಕಟ್ಟು: ನಷ್ಟಕ್ಕೆ ಮಾರಬಾರದು, ನಷ್ಟಕ್ಕೆ ಕೊಳ್ಳಬಾರದು. ಆಶ್ಚರ್ಯ ಎಂತ ಅಂದರೆ, ಈ ದಡ್ಡ ಯಂತ್ರಗಳ ಪೇಟೆಯಲ್ಲಿ ಒಟ್ಟು ಆಗಬೇಕಾದ ಲಾಭದ ಹೆಚ್ಚಿನ ಪಾಲು ಮನುಷ್ಯರ ಪೇಟೆಯಷ್ಟೇ ಸರಿಯಾಗಿ ಹುಟ್ಟಿತು. ಅಂದರೆ ಕ್ರಯ ಸರಿ ಕೂರುವುದರಲ್ಲಿ ಕೂಗುವವನ ಬುದ್ಧಿಗಿಂತ ಪೇಟೆಯ ಕಟ್ಟಳೆಯ ಪಾಲು ದೊಡ್ಡದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

1995ರಲ್ಲಿ ಅಮೆರಿಕದಲ್ಲಿ ಇಬೇ ಸುರುವಾಯಿತು, ಇಂಟರ್ನೆಟ್ಟಿನಲ್ಲಿ ಏಲಂ. ದಿನಗಟ್ಟಲೆ ನಡೆಯುವ ಏಲಂಗೆ ಯಾರು ಕಂಪ್ಯೂಟರ್ ಎದುರು ಕಾಯ್ತಾರೆ? ಅದಕ್ಕೆ ಇಬೇಯಲ್ಲಿ ನಿಮ್ಮ ಪರವಾಗಿ ಬಿಡ್ ಹಾಕುವ ಪ್ರೋಗ್ರಾಂ ಉಂಟು. ನೀವು ನಿಮ್ಮ ಗರಿಷ್ಠ ಹೇಳಿ ಹೋಗಬಹುದು, 500 ಅಂತ. ಮತ್ತೊಬ್ಬನ ಗರಿಷ್ಠ 350 ಇದ್ದರೆ ಪ್ರೋಗ್ರಾಂ ನಿಮ್ಮ ಪರವಾಗಿ 350ಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ ನಿಲ್ಲುತ್ತದೆ. ಜಾತ್ರೆಗೆ ಹೋಗುವ ನೆರೆಮನೆಯವನ ಹತ್ತಿರ "ಐನೂರು ದಾಟಬೇಡ" ಅಂತ ಹೇಳಿ ದುಡ್ಡು ಕೊಟ್ಟು ಕಳಿಸಿದ ಹಾಗೆ. ಗೆದ್ದವ ಎರಡನೆಯವನ ಕ್ರಯ ಕೊಡುವ ಈ ರೀತಿಯಲ್ಲಿ ತಗ್ಗಿಸಿ ಹೇಳುವ ಆಸೆ ಕಡಿಮೆ ಆಗ್ತದೆ ಅಂತ ವಿಲಿಯಂ ವಿಕ್ರಿ ಎಂಬವರು 1961ರಲ್ಲೇ ಬರೆದಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು.

ಇದರಲ್ಲೊಂದು ಸೂಕ್ಷ್ಮ ಉಂಟು. ನಿಮ್ಮ ಗರಿಷ್ಠ ಏಲಂ ನಡೆಸುವವನ ಕೈಯಲ್ಲಿ ಇರ್ತದೆ. ಅವ ಪ್ರಾಮಾಣಿಕನಾದರೆ ಸರಿ. ಇಲ್ಲವಾದರೆ ಬೈರಾಸಿನ ಅಡಿಯ ದಲ್ಲಾಳಿಯೇ ಹೊಸ ಅಂಗಿ ಹಾಕಿ ಬಂದ ಹಾಗೆ.

ಇಬೇಯಲ್ಲಿ ಕೂಡ ಕಾಯುವವರು ಹುಟ್ಟಿಕೊಂಡರು. ಕೊನೆಯ ಸೆಕೆಂಡಿನಲ್ಲಿ ಬಿಡ್ ಹಾಕಲಿಕ್ಕೇ ಬೇರೆ ಪ್ರೋಗ್ರಾಂಗಳು ಬಂದವು. ಆಲ್ವಿನ್ ರೋತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಅನ್ನುವವರು 2002ರಲ್ಲಿ ಎರಡು ಏಲಂಗಳನ್ನು ಹೋಲಿಸಿದರು. ಇಬೇಯಲ್ಲಿ ಗಂಟೆ ಮುಗಿದರೆ ಮುಗಿಯಿತು. ಅಮೆಜಾನ್ ಆಗ ನಡೆಸುತ್ತಿದ್ದ ಏಲಂನಲ್ಲಿ ಕೊನೆಗೆ ಬಿಡ್ ಬಂದರೆ ಇನ್ನೂ ಹತ್ತು ನಿಮಿಷ ಮುಂದೆ ಹೋಗುತ್ತಿತ್ತು. ಹಳೆ ಸಾಮಾನುಗಳ ಏಲಂನಲ್ಲಿ ಕೊನೆಯ ಬಿಡ್ ಕೊನೆಯ ಐದು ನಿಮಿಷದಲ್ಲಿ ಬಿದ್ದದ್ದು ಇಬೇಯಲ್ಲಿ ಸುಮಾರು ಶೇ. 59, ಅಮೆಜಾನಿನಲ್ಲಿ ಸುಮಾರು ಶೇ. 3. ಮಾಲು ಅದೇ ಜಾತಿಯದ್ದು, ಜನರೂ ಅಂಥವರೇ. ಮುಗಿಯುವ ಕಟ್ಟಳೆ ಒಂದು ಬೇರೆ, ಅಷ್ಟಕ್ಕೇ ಎಲ್ಲ ಬದಲಾಯಿತು. ಇವತ್ತು ಬ್ಯಾಂಕಿನವರು ಜಪ್ತಿ ಮಾಡಿದ ಆಸ್ತಿಯ ಇ-ಏಲಂ ನೋಟೀಸಿನಲ್ಲಿ "ಕೊನೆಯ ನಿಮಿಷಗಳಲ್ಲಿ ಬಿಡ್ ಬಂದರೆ ಸಮಯ ತಾನೇ ವಿಸ್ತರಣೆ" ಅಂತ ಬರೆಯುವುದು ಇದಕ್ಕೇ. ನಮ್ಮ ಜಾತ್ರೆಯ "ಒಂದು ಸಲ, ಎರಡು ಸಲ, ಮೂರು ಸಲ" ಕೂಡ ಅದೇ. ಯಾರಾದರೂ ಏರಿಸಿದರೆ ಪುನಃ ಒಂದರಿಂದ ಸುರು.

2001ರಲ್ಲಿ ಐಬಿಎಂನವರು ಮನುಷ್ಯರನ್ನೂ ಪ್ರೋಗ್ರಾಂಗಳನ್ನೂ ಒಂದೇ ಪೇಟೆಯಲ್ಲಿ ಕೂರಿಸಿದರು. ಪ್ರೋಗ್ರಾಂಗಳು ಸುಮಾರು ಶೇ. 20 ಹೆಚ್ಚು ಗಳಿಸಿದವು. ಅಲ್ಲಿಂದ ಮುಂದೆ ದುಡ್ಡಿದ್ದವರು ಯಾಕೆ ಬಿಡ್ತಾರೆ? ಈಗ ನೀವು ಫೋನಿನಲ್ಲಿ ಓದುವಾಗ ಮಧ್ಯದಲ್ಲಿ ಗೊಬ್ಬರದ್ದೋ ಸ್ಪ್ರೇಯರಿನದ್ದೋ ಜಾಹೀರಾತು ಬರ್ತದಲ್ಲ, ಆ ಜಾಗಕ್ಕೂ ಕಣ್ಣು ಮಿಟುಕಿಸುವುದರೊಳಗೆ ಏಲಂ ಆಗಿರ್ತದೆ. ಕಂಪನಿಯವರು ಬಜೆಟ್ ಹೇಳಿ ಬಿಡ್ತಾರೆ, ಬಿಡ್ ಹಾಕುವುದು ಪ್ರೋಗ್ರಾಂ. ಅಲ್ಲಿ ಏಲಂಗೆ ಇಟ್ಟ ಮಾಲು ನಮ್ಮ ನಿಮ್ಮ ಕಣ್ಣು.

ಪ್ರೋಗ್ರಾಂಗಳನ್ನು ನೋಡುವವರಿಲ್ಲದೆ ಬಿಟ್ಟರೆ ಎಂತ ಆಗ್ತದೆ ಅಂತಲೂ ಕಂಡದ್ದುಂಟು. 2011ರಲ್ಲಿ ಅಮೆಜಾನಿನಲ್ಲಿ ನೊಣದ ಬೆಳವಣಿಗೆಯ ಬಗ್ಗೆ ಬರೆದ ಒಂದು ವಿಜ್ಞಾನ ಪುಸ್ತಕಕ್ಕೆ 2 ಕೋಟಿ 36 ಲಕ್ಷ ಡಾಲರ್ ದಾಟಿ ಕ್ರಯ ಬಿತ್ತು. ಇಬ್ಬರು ಅಂಗಡಿಯವರ ಪ್ರೋಗ್ರಾಂಗಳು, ಒಂದು "ಅವನಿಗಿಂತ ಚೂರು ಕಡಿಮೆ", ಇನ್ನೊಂದು "ಇವನ ಕ್ರಯದ ಒಂದೂಕಾಲು ಪಟ್ಟು ಚಿಲ್ಲರೆ" ಅಂತ ದಿನಾ ಬದಲಿಸಿದ್ದಕ್ಕೆ ಹಾಗಾದದ್ದು. ನಗು ಬರ್ತದೆ. ಆದರೆ ಅದೇ ಲೆಕ್ಕ ಕೆಳಮುಖ ಆಗಿ, ಮಾಲು ನಮ್ಮದಾಗಿದ್ದರೆ ನಗು ಬರಲಿಕ್ಕಿಲ್ಲ.

ಈಗ ಪುನಃ ಕರ್ನಾಟಕಕ್ಕೆ. 2014ರಲ್ಲಿ ನಮ್ಮ ರಾಜ್ಯ ಸರಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಅರ್ಧರ್ಧ ಪಾಲು ಹಾಕಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅನ್ನುವ ಕಂಪನಿ ಮಾಡಿ, ಎಪಿಎಂಸಿಗಳನ್ನು ಒಂದೇ ಕಂಪ್ಯೂಟರ್ ಜಾಲಕ್ಕೆ ತಂದರು. ಗೇಟಿನಲ್ಲಿ ಲಾಟ್ ನಂಬ್ರ, ವರ್ತಕ ಕಂಪ್ಯೂಟರಿನಲ್ಲಿ ಧಾರಣೆ ಹಾಕುವುದು, ಹೊತ್ತಾದ ಮೇಲೆ ಹೆಚ್ಚಿನದ್ದು ತಾನೇ ಮೇಲೆ ಬರುವುದು, ಒಪ್ಪದಿದ್ದರೆ ರೈತ ಬೇಡ ಅನ್ನಬಹುದು. ಚೀಟಿ ಪೆಟ್ಟಿಗೆಯೇ, ಆದರೆ ಕಂಪ್ಯೂಟರ್ ಪೆಟ್ಟಿಗೆ. ಇದನ್ನು ನೋಡಿಕೊಂಡೇ ಕೇಂದ್ರದವರು 2016ರ ಏಪ್ರಿಲ್ 14ಕ್ಕೆ ಇ-ನಾಮ್ ಸುರು ಮಾಡಿದರು. ರಬ್ಬರ್ ಮಂಡಳಿಯ ಆನ್‌ಲೈನ್ ಪೇಟೆ ಎಂ-ರೂಬ್ 2022ರಲ್ಲಿ ಬಂತು.

ಇದರಿಂದ ರೈತನಿಗೆ ಎಂತ ಸಿಕ್ಕಿತು? ರೆಟ್ಸೆಫ್ ಲೆವಿ, ಸೋಮ್ಯ ಸಿಂಘ್ವಿ, ಯಾಂಚೊಂಗ್ ಝೆಂಗ್ ಎಂಬ ಸಂಶೋಧಕರು ಮತ್ತು ನಮ್ಮ ರಾಜ್ಯದ ಆ ಕಂಪನಿ ನಡೆಸಿದ ಮನೋಜ್ ರಾಜನ್ ಸೇರಿ ಲೆಕ್ಕ ತೆಗೆದರು. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಭತ್ತಕ್ಕೆ ಶೇ. 5.1, ನೆಲಗಡಲೆಗೆ ಶೇ. 3.6, ಜೋಳಕ್ಕೆ, ಅಂದರೆ ಮೆಕ್ಕೆಜೋಳಕ್ಕೆ, ಶೇ. 3.5 ಕ್ರಯ ಏರಿದೆ. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಕಂಪ್ಯೂಟರ್ ಬಂದ ಕೂಡಲೇ ಎಲ್ಲರಿಗೂ ಲಾಭ ಅನ್ನುವುದು ಸುಳ್ಳು ಅಂತ ಇದರಲ್ಲೇ ಗೊತ್ತಾಗ್ತದೆ.

ಅವರ ಎರಡನೇ ಕೆಲಸವೇ ನನಗೆ ಹೆಚ್ಚು ಮುಖ್ಯ ಅಂತ ಕಂಡದ್ದು. 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಪೇಟೆಯಲ್ಲಿ ಅವರು ಕಟ್ಟಳೆ ಮಾತ್ರ ಬದಲಿಸಿದರು. ಒಂದೇ ಸುತ್ತಿನ ಬದಲು ಎರಡು ಸುತ್ತು. ಮೊದಲ ಸುತ್ತಿನಲ್ಲಿ ಮೇಲೆ ಬಂದ ವರ್ತಕರಿಗೆ ಮಾತ್ರ ಎರಡನೇ ಸುತ್ತಿನಲ್ಲಿ ಏರಿಸುವ ಅವಕಾಶ. ಅದೇ ಯಾರ್ಡು, ಅದೇ ವರ್ತಕರು, ಅದೇ ಕಂಪ್ಯೂಟರ್. ಕ್ರಯ ಶೇ. 4.7 ಏರಿತು, ಹತ್ತು ಸಾವಿರಕ್ಕೂ ಹೆಚ್ಚು ರೈತರಿಗೆ ಅದು ಮುಟ್ಟಿತು. ಗೋಡೆ ಮತ್ತು ಸುಂದರ್ ಪ್ರಯೋಗಾಲಯದಲ್ಲಿ ಕಂಡದ್ದು ನಮ್ಮದೇ ರಾಜ್ಯದ ಯಾರ್ಡಿನಲ್ಲಿ ದುಡ್ಡಾಗಿ ಕಂಡಿತು.

ಮುಂದಿನದ್ದು ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬ ವರ್ತಕ ಒಂದೆರಡು ಗಂಟೆಯಲ್ಲಿ ನೂರಾರು ಲಾಟಿಗೆ ದರ ಹಾಕಬೇಕಾದರೆ, ಆ ಕೆಲಸ ಪ್ರೋಗ್ರಾಮಿಗೆ ಕೊಡುವುದು ಸಹಜ. ಅದು ತಪ್ಪು ಅಂತಲೂ ನಾನು ಹೇಳುವುದಿಲ್ಲ. ಪುತ್ತೂರಿನ ಲಾಟಿಗೆ ದೂರದ ಕಾನ್ಪುರದವನೂ ಸುಲಭದಲ್ಲಿ ಬಿಡ್ ಹಾಕಿದರೆ ನಮಗೆ ಒಳ್ಳೆಯದೇ.

ಹೆದರಿಕೆ ಬೇರೆ ಕಡೆ ಉಂಟು. ಪೇಟೆಯ ನಾಲ್ಕು ವರ್ತಕರು ಚಾ ಕುಡಿಯುತ್ತಾ "ಇವತ್ತು ಇದಕ್ಕಿಂತ ಮೇಲೆ ಬೇಡ" ಅಂತ ಮಾತಾಡಿಕೊಂಡರೆ ಅದಕ್ಕೆ ಒಳ ಒಪ್ಪಂದ ಅನ್ನುತ್ತೇವೆ, ಕಾನೂನಿನಲ್ಲಿ ತಪ್ಪು. ಆದರೆ 2020ರಲ್ಲಿ ಇಟಲಿಯ ನಾಲ್ವರು ಅರ್ಥಶಾಸ್ತ್ರಜ್ಞರು ತೋರಿಸಿದ್ದು ಇದು: ತಾನೇ ಕಲಿಯುವ ಪ್ರೋಗ್ರಾಂಗಳನ್ನು ಕಂಪ್ಯೂಟರಿನ ಒಳಗಿನ ಕೃತಕ ಪೇಟೆಯಲ್ಲಿ ಎದುರು ಬದುರು ಬಿಟ್ಟರೆ, ಒಂದು ಮಾತೂ ಆಡದೆ, ಯಾರೂ ಹೇಳಿಕೊಡದೆ, ಪೈಪೋಟಿ ಬಿಡುವುದನ್ನು ಅವು ತಾವೇ ಕಲಿತವು. ಅವರ ಪ್ರಯೋಗ ಮಾರುವವರದ್ದು, ಕ್ರಯ ಮೇಲೆ ಹೋಯಿತು. ಕೊಳ್ಳುವವರು ಹಾಗೆ ಕಲಿತರೆ ಕ್ರಯ ಕೆಳಗೆ ಬರ್ತದೆ. ಚಾ ಅಂಗಡಿಯ ಮಾತಿಗಾದರೆ ಸಾಕ್ಷಿ ಸಿಗಬಹುದು. ಮಾತೇ ಆಡದ ಒಪ್ಪಂದಕ್ಕೆ ಸಾಕ್ಷಿ ಯಾರು?

ಹಾಗಾಗಿ ನಮ್ಮ ಬೆಳೆ ಕಂಪ್ಯೂಟರ್ ಏಲಂಗೆ ಹೋಗುವಾಗ, "ಬಿಡ್ ಹಾಕುವುದು ಮನುಷ್ಯನೋ ಯಂತ್ರವೋ" ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ ಬರೆದಿಡ್ತೇನೆ.

1. ಏಲಂ ಮುಗಿಯುವುದು ಹೇಗೆ? ಗಂಟೆ ಹೊಡೆದ ಕೂಡಲೇ ಮುಚ್ಚುತ್ತದೋ, ಏರಿಸುವವರಿಗೆ ಇನ್ನೊಂದು ಅವಕಾಶ ಉಂಟೋ? ಮುಚ್ಚುವುದಾದರೆ ಗೆಲ್ಲುವುದು ಕಾದು ಕೂತವ.

2. ಮುಗಿದ ಮೇಲೆ ಎಂತ ಪ್ರಕಟ ಆಗ್ತದೆ? ಲಾಟು ಲಾಟಿಗೆ ಎಷ್ಟು ಜನ ಬಿಡ್ ಹಾಕಿದರು, ಎರಡನೆಯವನ ದರ ಎಷ್ಟು ಅಂತ ರೈತನಿಗೆ ಕಾಣಬೇಕು. ಪ್ರೋಗ್ರಾಂ ಹಾಕಿದ ಬಿಡ್ ಆದರೆ ಹಾಗಂತ ಗುರುತು ಇರಬೇಕು. ಇಲ್ಲದಿದ್ದರೆ ಬೈರಾಸಿನ ಅಡಿಯ ವ್ಯಾಪಾರಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ.

3. ಗ್ರೇಡ್ ಮಾಡುವುದು ಯಾರು? ಯಂತ್ರ ಅಡಿಕೆಯನ್ನು ಕಡಿದು ನೋಡುವುದಿಲ್ಲ, ಮೂಸುವುದಿಲ್ಲ. ಅದಕ್ಕೆ ಕಾಣುವುದು ಕಾಗದದ ಮೇಲಿನ ಅಂಕೆ. ಆ ಅಂಕೆ ಬರೆಯುವವ ಕೊಳ್ಳುವವನ ಕಡೆಯವನಾದರೆ ಏಲಂ ಅಲ್ಲಿಗೇ ಮುಗಿಯಿತು.

4. ಬೇಡ ಅನ್ನಲಿಕ್ಕೆ ರೈತನಿಗೆ ನಿಜವಾಗಿ ಆಗ್ತದೋ? ಕಾಗದದಲ್ಲಿ ಹಕ್ಕು ಉಂಟು. ಆದರೆ ಜೀಪಿನ ಬಾಡಿಗೆ ಕೊಟ್ಟು ತಂದ ಮಾಲನ್ನು ವಾಪಸು ಕೊಂಡು ಹೋಗುವುದು ಸುಲಭವೋ? ಇಡಲಿಕ್ಕೆ ಗೋದಾಮು, ಅದರ ಮೇಲೆ ಸಾಲ ಇದ್ದರೆ ಮಾತ್ರ ಆ ಹಕ್ಕಿಗೆ ಬೆಲೆ.

ಕೊನೆಗೆ ಒಂದು. ಕೊಳ್ಳುವವನ ಪರವಾಗಿ ದಿನದ ಇಪ್ಪತ್ತನಾಲ್ಕು ಗಂಟೆ ಪ್ರೋಗ್ರಾಂ ಕೂತರೆ, ಮಾರುವವನ ಪರವಾಗಿ ಕೂರುವವ ಯಾರು? ಒಬ್ಬೊಬ್ಬ ರೈತನಿಂದ ಆಗುವ ಕೆಲಸ ಅಲ್ಲ ಅದು. 1973ರಲ್ಲಿ ಕೊಳ್ಳುವವರಿಲ್ಲದಾಗ ಹಿರಿಯರು ಒಟ್ಟಾಗಿ ಒಬ್ಬ ಬಿಡ್‌ದಾರನನ್ನು ಹುಟ್ಟಿಸಿದರು. ಈಗಿನ ಕಾಲಕ್ಕೆ ನಮ್ಮ ಸಹಕಾರಿ ಸಂಸ್ಥೆಗಳೇ ನಮ್ಮ ಕಡೆಯ ಪ್ರೋಗ್ರಾಂ ಮಾಡಿಸಬಹುದು. ಲಾಟಿನ ಗ್ರೇಡ್ ನೋಡಿ, ಬೇರೆ ಪೇಟೆಯ ಧಾರಣೆ ನೋಡಿ, "ಇದಕ್ಕಿಂತ ಕೆಳಗೆ ಕೊಡಬೇಡಿ" ಅಂತ ಹೇಳುವಂಥದ್ದು. ನಾಲ್ಕು ಬಿಡ್ ಒಂದೇ ನಮೂನೆ ಬರಲಿಕ್ಕೆ ಸುರುವಾದರೆ ಎಚ್ಚರಿಸುವಂಥದ್ದು.

ಮಳೆಗಾಲ ಕಳೆಯುವಾಗ ಸೊಸೈಟಿಗಳ ಮಹಾಸಭೆ ಇರ್ತದೆ. ಡಿವಿಡೆಂಡ್ ಎಷ್ಟು ಅಂತ ಕೇಳಿ ಊಟ ಮಾಡಿ ಬರುವವರೇ ಹೆಚ್ಚು. ಈ ಸಲ ಯಾರಾದರೂ ಎದ್ದು ನಿಂತು ಈ ನಾಲ್ಕು ಪ್ರಶ್ನೆ ಕೇಳಿ, ಅದು ನಡಾವಳಿ ಪುಸ್ತಕದಲ್ಲಿ ಬರೆದು ಹೋಗುವ ಹಾಗೆ ನೋಡಿಕೊಳ್ಳಿ.